ಉಪ್ಪು ಬಿಡದ ಹಲಗೆ

ಕಡಲಲ್ಲಿ ಒಡೆದ ಹಡಗಿನ ಮರದಿಂದ ಕುರ್ಚಿ, ಎಲೆಯಡಿಕೆ ಪೆಟ್ಟಿಗೆ, ಫೋಟೋ ಕಟ್ಟು ಮಾಡುವವರು ಶಿಕಾರಿಪುರದಲ್ಲಿ ರಹೀಂ ಸಾಬರೊಬ್ಬರೇ. ಹೊನ್ನಾವರದಿಂದ ಲಾರಿಯಲ್ಲಿ ಬಂದ ಹಲಗೆಗಳಿಗೆ ಅವರು ಕೂಡಲೇ ಉಳಿ ತಾಗಿಸುತ್ತಿರಲಿಲ್ಲ. ಶಾಂತವೀರಪ್ಪನವರ ಗದ್ದೆಯ ಪಕ್ಕ ಅಂಜನಾಪುರದ ನಾಲೆ ನೀರು ತುಂಬುವ ಹೊಂಡವಿತ್ತು. ಅದರಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಒಂದು ಬೆಳೆ ಮುಗಿಯುವವರೆಗೆ ಬಿಡುವರು. ತೆಗೆದ ಮೇಲೆ ಹೆರೆದ ಸಿಪ್ಪೆಯನ್ನು ನಾಲಗೆಗಿಟ್ಟು ನೋಡುವರು. ಉಪ್ಪು ಉಳಿದರೆ ಮಳೆಗಾಲದಲ್ಲಿ ಮರ ಬೆವರುತ್ತದೆ, ಮೊಳೆ ತುಕ್ಕು ಹಿಡಿದು ಸವೆದುಹೋಗುತ್ತದೆ. ಹೊಂಡಕ್ಕೆ ಎಮ್ಮೆ ಇಳಿಯದಂತೆ ಶಾಂತವೀರಪ್ಪನವರೇ ಮುಳ್ಳು ಹಾಕಿಸುತ್ತಿದ್ದರು, ಯಾರೂ ಹೇಳದೆಯೇ.

ತೊಂಬತ್ನಾಲ್ಕರಲ್ಲಿ ಬಂದ ಹಲಗೆಗಳ ಮಾತೇ ಬೇರೆ. ಸಾಬರ ಮಗ ಕಲೀಂ ರಿಪೇರಿ ಕೆಲಸಕ್ಕೆಂದು ಹತ್ತಿದ್ದ ಹಡಗಿನವು ಅವು. ಹಡಗಿನ ಚೂರು ದಡಕ್ಕೆ ಬಂದವು, ಕಲೀಂ ಬರಲಿಲ್ಲ.

"ಮಸೀದಿಯ ಜನಾಜಾ ಮಂಚ ಹಳೇದಾಗೈತೆ. ಇದ್ರಲ್ಲಿ ಹೊಸದು ಮಾಡ್ತೀನಿ," ಎಂದರು ಸಾಬರು, ಸೊಸೆ ಸಬಿಹಾಗೆ. "ನಾವು ಅವ್ನಿಗೆ ಹೆಗಲು ಕೊಡಕ್ಕಾಗ್ಲಿಲ್ಲ. ಅವ್ನಾದ್ರೂ ಊರಿಗೆ ಹೆಗಲು ಕೊಡ್ಲಿ."

ಶಾಂತವೀರಪ್ಪನವರು ವಿಚಾರಿಸಲು ಬಂದರು. "ಏನ್ರೀ ಸಾಬ್ರೇ, ಹೊಂಡ ತೊಳಸಿ ಕುಂತೀನಿ, ಹಲಗಿ ಎಲ್ಲಿ? ನಮ್ ಎಮ್ಮಿ ದಿನಾ ನನ್ನ ಬೈತಾವೆ."

"ತರಲ್ಲ ಗೌಡ್ರೇ. ಒಂದ್ಸಲ ಮುಳುಗಿದ್ದು ಸಾಕು."

ಶಾಂತವೀರಪ್ಪನವರ ನಗು ನಿಂತಿತು. ಚಹಾ ಕುಡಿದು, ಲೋಟ ತಾವೇ ಒಳಗಿಟ್ಟು ಹೋದರು.

ಸಬಿಹಾ ಸಿಪ್ಪೆಯೊಂದನ್ನು ನಾಲಗೆಗಿಟ್ಟಳು. "ಉಪ್ಪು ಹಂಗೇ ಐತೆ ಅಬ್ಬಾಜಾನ್. ಹೊತ್ತಾಗ ಮುರಿದ್ರೆ? ಊರೆಲ್ಲ ನೋಡ್ತಿರುವಾಗ ನಿಮ್ ಮಗ ಇನ್ನೊಂದ್ಸಲ ಬಿದ್ದಂಗಲ್ವಾ?"

"ಅದನ್ನ ನೀರಿಗೆ ಹಾಕಕ್ಕೆ ನನ್ ಕೈ ಬರಲ್ಲ ಬೇಟಾ."

ಅವಳು ಸಿಪ್ಪೆಗಳನ್ನು ಗುಡಿಸತೊಡಗಿದಳು.

ಹೆಣ ಹೊರುವ ಆ ಮಂಚ ಮಸೀದಿ ಸೇರಿದ ಮೇಲೆ ಮೊಹಲ್ಲಾದಲ್ಲಿ ಸಾವಾಗಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಮೊದಲು ಅದನ್ನೇರಿದವರು ರಹೀಂ ಸಾಬರೇ. ಸೂರಿನಡಿ ಇದ್ದ ಮಂಚ ಒದ್ದೆಯಾಗಿತ್ತು. ಒರೆಸಿದರೆ ಮತ್ತೆ ಒದ್ದೆ.

"ಹಳೇದೇ ತರ್ರೀ," ಎಂದರು ಯಾರೋ.

"ಅಬ್ಬಾಜಾನ್ ಇದ್ರಲ್ಲೇ ಹೋಗ್ಲಿ," ಎಂದಳು ಸಬಿಹಾ ಬಾಗಿಲ ಹಿಂದಿನಿಂದ.

ಓಣಿಯ ತಿರುವಿನಲ್ಲಿ ಹಿಂದಿನ ಮೂಲೆಯ ಮೊಳೆ ಕಿತ್ತು ಮಂಚ ವಾಲಿತು. ಬಿಳಿ ಬಟ್ಟೆಯ ದೇಹ ಒಂದು ಬದಿಗೆ ಜಾರಿತು. ಜನ "ಅಲ್ಲಾ" ಎಂದು ಕೂಗಿದ್ದು ಬಾಗಿಲವರೆಗೂ ಕೇಳಿಸಿತು. ಹಿಂದೆ ಬರುತ್ತಿದ್ದ ಶಾಂತವೀರಪ್ಪನವರು ನುಗ್ಗಿ ಆ ಮೂಲೆಗೆ ಹೆಗಲೊಡ್ಡಿದರು. ಮಂಚ ನೆಲ ಮುಟ್ಟಲಿಲ್ಲ. ಗೋರಿಸ್ಥಾನದವರೆಗೆ ಅವರು ಹೆಗಲು ಬದಲಿಸಲು ಯಾರನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವರ ಗಾಡಿ ಸಾಬರ ಮನೆ ಮುಂದೆ ನಿಂತಿತು. ಅದರಲ್ಲಿ ಮಂಚದಿಂದ ಬಿಚ್ಚಿದ ಹಲಗೆಗಳು.

"ಒಲಿಗೆ ಹಾಕ್ರಿ ಅಂತಿದ್ರು ಮಸೀದಿಯೋರು, ನಾ ಇಸ್ಕೊಂಡು ಬಂದೆ. ಹೊಂಡ ಐತಿ. ಏನ್ ಮಾಡ್ಲಿ, ನೀ ಹೇಳವ್ವಾ."

ಸಬಿಹಾ ತಲೆ ಮೇಲೆ ಸೆರಗೆಳೆದುಕೊಂಡು ಗಾಡಿ ಹತ್ತಿದಳು. "ಕಲ್ಲು ನಾನೇ ಇಡ್ತೀನಿ ಗೌಡ್ರೇ."

ಹೊಂಡದಲ್ಲಿ ಕೊನೆಯ ಹಲಗೆ ಮತ್ತೆ ಮತ್ತೆ ಮೇಲಕ್ಕೆದ್ದಿತು. ಅವಳು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು. ಶಾಂತವೀರಪ್ಪನವರು ಆ ಕಡೆ ತಿರುಗಿ, ಮುಳ್ಳು ಸರಿಮಾಡುತ್ತ ನಿಂತರು.