ಕಿವಿಗೆ ಎಟುಕದ ಕೈ

ನಾನು ಪುಕ್ಕಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆರು ವರ್ಷದ ಹುಡುಗಿಯ ಗದ್ದ ಹಿಡಿದು ಅದನ್ನು ತೋರಿಸಿಕೊಳ್ಳುತ್ತೇನೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಬೆಳಗಾವಿಯ ಉತ್ತರದ ಅಂಚಿನಲ್ಲಿ ನಮ್ಮದು ಎರಡು ಕೋಣೆಯ ಸರಕಾರಿ ಕನ್ನಡ ಶಾಲೆ. ಎಪ್ಪತ್ನಾಲ್ಕರಲ್ಲಿ ನಾನು ಅಲ್ಲಿಗೆ ಮಾಸ್ತರನಾಗಿ ಬಂದಾಗ ಸುತ್ತ ಹೊಲ, ಕುರಿಹಟ್ಟಿ, ಅಷ್ಟೇ. ಮಕ್ಕಳು ಕಡಿಮೆಯಾದರೆ ಶಾಲೆ ಮುಚ್ಚುತ್ತಾರೆಂಬ ಹೆದರಿಕೆ ನಮಗೆ. ಪ್ರತಿ ಜೂನ್ ತಿಂಗಳು ಮನೆಮನೆ ತಿರುಗಿ, ಮಕ್ಕಳನ್ನು ಕಳಿಸಿರೆಂದು ಕೈಮುಗಿಯುತ್ತಿದ್ದೆ. ಎಪ್ಪತ್ತಾರರಲ್ಲಿ, ಉದ್ಯಮಬಾಗದ ಫೌಂಡ್ರಿಗೆ ಕೆಲಸಕ್ಕೆ ಹೋಗುತ್ತಿದ್ದ ಸಾತಪ್ಪನ ಮನೆಗೂ ಹೋಗಿದ್ದೆ. ಆಗ ಅವನ ಮಗಳು ಸಿದ್ದಕ್ಕ ತೊಟ್ಟಿಲಲ್ಲಿದ್ದಳು. "ಈಕಿ ಹೆಸರು ಈಗs ನನ್ನ ಪಟ್ಟಿಯೊಳಗ ಐತಿ ಅಂತ ತಿಳಿ," ಎಂದು ಅವಳ ತಾಯಿ ಮಾಯವ್ವನಿಗೆ ಹೇಳಿ ಬಂದಿದ್ದೆ.

ಆಮೇಲೆ ಬಡಾವಣೆ ಬಂತು. ನಾಲ್ಕೈದು ವರ್ಷದಲ್ಲಿ ಹೊಲಗಳ ತುಂಬ ತಾರಸಿ ಮನೆಗಳೆದ್ದವು. ರಸ್ತೆ, ನೀರಿನ ಟಾಕಿ, ಬಸ್ ಸ್ಟಾಪು ಎಲ್ಲ ನಕ್ಷೆಯಲ್ಲಿದ್ದವು. ಆ ಮನೆಗಳಲ್ಲಿ ಮಕ್ಕಳೂ ಇರುತ್ತಾರೆ, ಶಾಲೆಗೆ ಇನ್ನೊಂದು ಕೋಣೆ ಬೇಕಾಗುತ್ತದೆ ಎಂಬುದು ಯಾವ ಪುಣ್ಯಾತ್ಮನಿಗೂ ಹೊಳೆಯಲಿಲ್ಲ. ನಾನೂ ಅಲ್ಲೇ ಒಂದು ಮನೆ ಹಿಡಿದೆ. ಹಟ್ಟಿಯವರಿಗೆ ನಾನು ಬರೀ ಮಾಸ್ತರ. ಬಡಾವಣೆಯವರು ಮಾತ್ರ "ಗುರುಪುತ್ರಪ್ಪ ಸರ" ಎನ್ನುತ್ತಿದ್ದರು. ಪಕ್ಕದ ಮನೆಯ ಬಾಳಾಸಾಹೇಬರು ದೊಡ್ಡ ಹುದ್ದೆಯವರು. ದಿನವೂ ನನ್ನನ್ನು ತಮ್ಮ ಸ್ಕೂಟರಿನಲ್ಲಿ ಶಾಲೆಯ ಬಾಗಿಲಿಗೆ ಬಿಡುತ್ತಿದ್ದರು. ನಡೆದರೆ ಹತ್ತೇ ನಿಮಿಷದ ದಾರಿ. ಆದರೆ ಆ ಹಿಂದಿನ ಸೀಟಿನಲ್ಲಿ ಕೂತು ನಾನು ಎಷ್ಟು ಉಬ್ಬುತ್ತಿದ್ದೆ ಎಂದು ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಎಂಬತ್ತೆರಡರ ಜೂನ್. ಒಂದನೇ ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಜಾಗ, ಬಂದವರು ಎಪ್ಪತ್ತು. ಹೆಡ್‌ಮಾಸ್ತರ ಚನ್ನಬಸಯ್ಯನವರು ನನ್ನನ್ನು ಕರೆದು, "ದವಾಖಾನಿ ಕಾಗದ ಇದ್ದವರನ್ನ ಮೊದಲ ತಗೋರಿ. ಮನ್ಯಾಗ ಹುಟ್ಟಿದವರದು ಕಿವಿ ನೋಡ್ರಿ," ಎಂದರು.

ಕಿವಿ ನೋಡುವುದೆಂದರೆ ವಯಸ್ಸು ನೋಡುವುದು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಮಗುವಿಗೆ ಆರು ತುಂಬಿದ ಲೆಕ್ಕ. ಎಲ್ಲ ಮಕ್ಕಳೂ ತಲೆಯನ್ನು ತುಸು ವಾಲಿಸುತ್ತಾರೆ. ಮಾಸ್ತರರು ನೋಡಿಯೂ ನೋಡದಂತೆ ಹೆಸರು ಬರೆದುಕೊಳ್ಳುತ್ತಾರೆ.

ಮೂವತ್ತೊಂಬತ್ತು ಹೆಸರುಗಳಾದವು. ಮುಂದೆ ಮಾಯವ್ವ ಮಗಳ ಕೈ ಹಿಡಿದು ನಿಂತಿದ್ದಳು. ಅವಳ ಹಿಂದೆ ಬಾಳಾಸಾಹೇಬರು, ಅವರ ಮಗ. ಆ ಹುಡುಗನಿಗೆ ಆರು ತುಂಬಲು ಇನ್ನೂ ಎಂಟು ತಿಂಗಳಿತ್ತು. ಅವನ ಹುಟ್ಟುಹಬ್ಬದ ಕುಂದಾ ತಿಂದವನು ನಾನು, ನನಗೆ ಗೊತ್ತಿರದೆ ಇರುತ್ತದೆಯೇ?

ಸಿದ್ದಕ್ಕ ತಲೆ ವಾಲಿಸಿ ಕೈ ಹಾಯಿಸಿದಳು. ಬೆರಳು ಕಿವಿಗೆ ತಾಗಿತು. ಹಿಗ್ಗಿನಿಂದ ನನ್ನ ಮುಖ ನೋಡಿದಳು. ನಾನು ಅವಳ ಗದ್ದಕ್ಕೆ ಎರಡು ಬೆರಳು ಕೊಟ್ಟು ಎತ್ತಿ, "ತಲಿ ನೆಟ್ಟಗ ಹಿಡೀಬೇಕವ್ವ," ಎಂದೆ. ಕೈ ಹಿಂದೆ ಸರಿಯಿತು. ಹುಡುಗಿ ತುಟಿ ಕಚ್ಚಿ ಎಳೆದಳು, ಎಳೆದಳು. ನಾನು ಗದ್ದ ಬಿಡಲಿಲ್ಲ.

"ಇನ್ನಾ ಸಣ್ಣಾಕಿ ಅದಾಳ ಮಾಯವ್ವ. ಮುಂದಿನ ವರ್ಷ ಕರಕೊಂಡು ಬಾ."

"ಆರು ತುಂಬ್ಯಾವ್ರಿ ಮಾಸ್ತರ..."

"ಕೈ ಮುಟ್ಟಲಿಲ್ಲಲ್ಲ? ನೀನs ನೋಡಿದಿ."

"ಹೌದ್ರಿ, ನಿಮಗಿಂತಾ ನನಗೇನ ಗೊತ್ತಿರತೈತಿ," ಎಂದು ಅವಳು ಮಗಳನ್ನು ಕರೆದುಕೊಂಡು ಹೋದಳು. ಬಾಳಾಸಾಹೇಬರು ಮುಂದೆ ಬಂದು, "ಕಾಗದ ಮನ್ಯಾಗ ಐತ್ರಿ ಸರ, ನಾಳೆ ತರ್ತೀನಿ," ಎಂದರು. ನಾನು ಹುಡುಗನ ಹೆಸರು ಬರೆದೆ. ಆ ಕಾಗದವನ್ನು ಅವರು ತರಲಿಲ್ಲ, ನಾನು ಕೇಳಲಿಲ್ಲ.

ಮರುವರ್ಷ ಎರಡು ಹೊಸ ಕೋಣೆಗಳಾದವು. ಸಿದ್ದಕ್ಕನನ್ನು ಕರೆಯಲು ನಾನೇ ಹೋದೆ. ಅವರ ಮನೆಯಿದ್ದಲ್ಲಿ ಪ್ಲಾಟಿನ ನಂಬರು ಬರೆದ ಕಲ್ಲುಗಳನ್ನು ನೆಟ್ಟಿದ್ದರು. ಸಂಸಾರ ಖಾನಾಪುರಕ್ಕೆ, ಮಾಯವ್ವನ ತವರಿಗೆ ಹೋಗಿದೆಯೆಂದು ತಿಳಿಯಿತು. ಭಾನುವಾರ ಖಾನಾಪುರದ ಬಸ್ಸು ಹತ್ತಿದೆ.

ಮಾಯವ್ವ ನನ್ನನ್ನು ಕಂಡು ಗಡಬಡಿಸಿ ಎದ್ದಳು. "ಬರ್ರಿ ಮಾಸ್ತರ, ಕುಂದರ್ರಿ." ತಾಯಿಯ ಎದೆಯೆತ್ತರ ಬೆಳೆದಿದ್ದ ಸಿದ್ದಕ್ಕ ಬಾಗಿಲ ಮರೆಗೆ ಸರಿದಳು.

"ಸಾಲಿಗೆ ಹೊಂಟಾಳೇನು?" ಎಂದೆ.

"ಎಲ್ಲಿದ್ರಿ! ಬಾಜೂಕನ ಕನ್ನಡ ಸಾಲಿ ಐತಿ, ಹೋಗಂದ್ರ ಒಲ್ಲೆ ಅಂತಾಳ. ನಾ ಇನ್ನಾ ಸಣ್ಣಾಕಿ, ಮಾಸ್ತರ ಹೇಳ್ಯಾರ ಅಂತ ಹಟಾ ಹಿಡದು ಕುಂದರತಾಳ."

ನನಗೆ ತಡೆಯಲಾಗಲಿಲ್ಲ. "ಅದು ಸುಳ್ಳು ಮಾಯವ್ವ. ಈಕಿ ಕೈ ಮುಟ್ಟಿತ್ತು. ಆ ಜಾಗಾ ಬ್ಯಾರೆಯವರಿಗೆ ಕೊಡಾಕ ನಾನs ಗದ್ದಾ ಎತ್ತಿದ್ನಿ. ತಪ್ಪು ನಂದು."

ಮಾಯವ್ವ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಹುಡುಗಿ ಸಮಾಧಾನಕ್ಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಂತೀರೇನ್ರಿ ಮಾಸ್ತರ? ಇಷ್ಟು ದೂರ ಬ್ಯಾರೆ ಬಂದೀರಿ. ಏ ಸಿದ್ದಿ, ಬಾ ಇಲ್ಲೆ. ಇಂಥಾ ದೇವರಂಥವರು ಎಲ್ಲಿ ಸಿಗತಾರ? ಕಾಲಿಗೆ ಬೀಳು."

ಸಿದ್ದಕ್ಕ ಹೊರಗೆ ಬಂದಳು. "ಹಂಗಾರ ನಾ ಈಗ ದೊಡ್ಡಾಕಿ ಏನ್ರಿ?" ಎಂದು ನನ್ನನ್ನೇ ಕೇಳಿದಳು. ನಾನು ಹೂಂ ಎಂದೆ. ಅವಳು ಬಗ್ಗಿ ನನ್ನ ಪಾದ ಮುಟ್ಟಿದಳು.

ಇನ್ನೊಮ್ಮೆ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. "ಛಲೋ ಕಲಿಯವ್ವ," ಎಂದು ಅವಳ ತಲೆಯ ಮೇಲೆ ಕೈಯಿಟ್ಟೆ.