ನೂರಾ ಎಂಬತ್ತು ‘ನೋಡಿ’ಗಳು

ಬೇವೂರಿನ ಓದುಮನೆಯ ಹಳೆ ಕಂಪ್ಯೂಟರಿನಲ್ಲಿ ಸರ್ಕಾರದ ಜಾಲತಾಣ ತೆರೆದರೆ, ತಿರುಗುವ ಚಿತ್ರಗಳ ಭಾರಕ್ಕೇ ಯಂತ್ರ ಉಸಿರು ಕಟ್ಟಿ ಕೂರುತ್ತಿತ್ತು. ಅದಕ್ಕೇ ಅಲ್ಲಿ ಪುಸ್ತಕ ನೋಡಿಕೊಳ್ಳುವ ಮಲ್ಲೇಶ್ವರಿ ಬರೀ ಅಕ್ಷರ ತೋರಿಸುವ ಬ್ರೌಸರ್ ಹಾಕಿಕೊಂಡಿದ್ದಳು. ಕಪ್ಪು ಪರದೆ, ಬಿಳಿ ಸಾಲು. ಸಿಂಗಾರ ಕಳಚಿದರೆ ಸರ್ಕಾರ ಎಷ್ಟು ಬಡಕಲೆಂದು ಅವಳಿಗೆ ಮೋಜೆನಿಸುತ್ತಿತ್ತು.

ಅವತ್ತು ಮುಂಜಾನೆ ರೈತ ಮದಾರಸಾಬ ಬಂದ. ಊರ ಪಡುವಲ ಹೊಲಗಳನ್ನು ಕಾರ್ಖಾನೆಗೆ ಕೊಡುವ ಪಟ್ಟಿಯನ್ನು ಸರ್ಕಾರ ತನ್ನ ಜಾಲತಾಣದಲ್ಲಿ ಬಿಟ್ಟಿತ್ತು; ನೋಟಿಸು ಮಾತ್ರ ಯಾರ ಮನೆಗೂ ಬಂದಿರಲಿಲ್ಲ. ತಕರಾರು ಸಲ್ಲಿಸಲು ಮರುದಿನವೇ ಕೊನೆ. ತನ್ನ ಆರು ಎಕರೆ ಅದರಲ್ಲಿದೆಯೋ ಇಲ್ಲವೋ, ಅವನಿಗೆ ಬೇಕಾದದ್ದು ಅಷ್ಟೇ. ಹೊಲಗಳ ಹಳೆ ಸರ್ವೆ ನಂಬರು ಕಿತ್ತು ಹೊಸ ನಂಬರು ಹಚ್ಚಿದ್ದರಿಂದ ಹೆಸರಿನಿಂದಲೇ ಹುಡುಕಬೇಕಿತ್ತು.

ಪುಟದಲ್ಲಿ ನೂರಾ ಎಂಬತ್ತು ಲಿಂಕು, ಒಂದೊಂದು ಹೊಲಕ್ಕೆ ಒಂದೊಂದು. ಎಲ್ಲದರ ಮೇಲೂ ಒಂದೇ ಮಾತು: ನೋಡಿ. ಯಾರೂ ನೋಡಬಾರದೆಂದೇ ಬರೆದ ‘ನೋಡಿ’.

ಈ ಬ್ರೌಸರಿಗೊಂದು ಗುಣವಿತ್ತು. ಒಂದು ಕೀಲಿ ಒತ್ತಿದರೆ ಲಿಂಕಿನ ವಿಳಾಸವನ್ನು ಹೊರಗಿನ ಸ್ಕ್ರಿಪ್ಟಿಗೆ, ಅಂದರೆ ನಾವೇ ಬರೆದಿಟ್ಟ ನಾಲ್ಕು ಸಾಲಿನ ಅಪ್ಪಣೆಗೆ, ಒಪ್ಪಿಸುತ್ತಿತ್ತು. ಇದುವರೆಗೆ ಅವಳು ಅದನ್ನು ಪುಸ್ತಕ ಇಳಿಸಿಕೊಳ್ಳಲು ಬಳಸಿದ್ದಳು. ಎಲ್ಲ ಲಿಂಕುಗಳನ್ನೂ ಒಮ್ಮೆಗೇ ಕೊಟ್ಟರೆ? ಹನ್ನೊಂದು ಸಾಲು ಬರೆದಳು: ಒಂದೊಂದೇ ಪುಟ ತೆರೆ, ಮದಾರಸಾಬನ ಹೆಸರು ಹುಡುಕು, ಸಿಕ್ಕದ್ದನ್ನು ಮಾತ್ರ ತಾ.

“ಇದು ಛಲೋ ತಲಾಠಿ ಬಿಡವಾ, ಚಾ ಸೈತ ಕೇಳಂಗಿಲ್ಲ” ಅಂದ ಮದಾರಸಾಬ, ಊರ ಲೆಕ್ಕಿಗನನ್ನು ನೆನೆದು.

ಏನೂ ಸಿಗಲಿಲ್ಲ. ಅವನು ನಿರಾಳನಾಗಿ ಎದ್ದ. ಅವಳಿಗೆ ಸಮಾಧಾನವಿಲ್ಲ. ನೂರಾ ಎಂಬತ್ತು ಬಾಗಿಲು ಹೊಕ್ಕು ಬಂದದ್ದು ನಿಜವೇ? ಯಾವುದೋ ಒಂದನ್ನು ಕೈಯಾರೆ ತೆರೆದಳು. ಮಾಲೀಕ: ಗವಿಸಿದ್ದಪ್ಪ. ಅವಳ ಅಜ್ಜ. ತೀರಿಕೊಂಡು ಇಪ್ಪತ್ತು ವರ್ಷ.

“ಕಾಕಾ, ನಿಂದರ್ರಿ. ನಿಮ್ಮ ಪಹಣಿ ಯಾರ ಹೆಸರ್ಲೆ ಐತಿ?”

“ಅಪ್ಪಂದು, ಅಕ್ಬರಸಾಬ. ನಾವು ಅಣ್ತಮ್ಮರು ಹಿರೇರ ಮುಂದ ಕಲ್ಲು ಹುಗದು ಹಂಚ್ಕೊಂಡೀವಿ. ಅದಕ್ಕ ಕಾಗದ ಯಾಕ?”

ಊರೆಲ್ಲ ಹೀಗೇ. ಅವಳು ಬದುಕಿದ್ದವರನ್ನು ಹುಡುಕಿದ್ದಳು, ಪಟ್ಟಿಯಲ್ಲಿದ್ದವರು ಸತ್ತವರು. ನೋಟಿಸು ಯಾರ ಮನೆಗೂ ಬಾರದ್ದು ಯಾಕೆಂದು ಈಗ ತಿಳಿಯಿತು.

ಅಕ್ಬರಸಾಬನ ಹೆಸರು ಕೊಟ್ಟಳು. ತೊಂಬತ್ತಮೂರನೆಯ ಲಿಂಕು. ಇವನ ಆರು ಎಕರೆ, ತಮ್ಮನ ಆರು. ಮದಾರಸಾಬ ಮತ್ತೆ ಕೂತ.

“ತಕರಾರು ನಾ ಬರೀತೀನಿ” ಅಂದಳು. “ನೀವು ಮನಿಮನಿಗೆ ಹೋಗಿ ಸತ್ತವರ ಹೆಸರ ಬರಸ್ಕೊಂಡ್ ಬರ್ರಿ.”

ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿ, ಬಂದ ಹೆಸರನ್ನೆಲ್ಲ ಅದಕ್ಕೆ ಉಣಿಸಿದಳು. ಮಧ್ಯಾಹ್ನ ಎರಡಕ್ಕೆ ಅರವತ್ತೆಂಟು ಮಂದಿ ಸತ್ತವರು ಸಿಕ್ಕಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಬಾಗಿಲಲ್ಲಿ ನಿಂತು ಅರ್ಜಿಗೆ ಸಹಿ ಹಾಕುತ್ತಿದ್ದರು. ಅರ್ಜಿ ಕೊಡಲು ನಾಳೆ ಕೊಪ್ಪಳದ ಕಚೇರಿಗೆ ಹೋಗಬೇಕು, ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಇಷ್ಟು ಜನಕ್ಕೆ ಸೀಟು ಸಾಲದೆಂದು ಯಾರೋ ಅಂದರು.

“ನಿಂತ ಹೋಗೂಣು” ಅಂದಳು ಮಲ್ಲೇಶ್ವರಿ.