ಫೋಟೋಗೆ ಎತ್ತಿದ ಸೀರೆ

ಪ್ರೊಫೆಸರರನ್ನು ಅಕ್ಕನ ಗಂಡನ ಮನೆಗೆ ಕರೆತಂದವಳು ಯಮುನಳೇ. ಅವರಾಗಿ ಕೇಳಿರಲಿಲ್ಲ. “ಸಾರ್, ನಮ್ಮ ಭಾಗಮಂಡಲದ ಕಡೆ ಬನ್ನಿ, ಕುಟುಂಬ ಪದ್ಧತಿ ಎಲ್ಲ ಕಣ್ಣಾರೆ ನೋಡಬಹುದು” ಎಂದು ಮೈಸೂರಿನಲ್ಲಿ ಅವರ ಬೆನ್ನು ಬಿದ್ದು ಒಪ್ಪಿಸಿದ್ದಳು. ಇಷ್ಟು ಓದಿದ ಮನುಷ್ಯ ಜಗಲಿಯ ಮೇಲೆ ಕೂತು ಒಂದು ಒಳ್ಳೆಯ ಮಾತು ಹೇಳಿದರೆ ಆ ಮನೆಯ ಯಜಮಾನ, ಅಕ್ಕನ ಮಾವ ದೇರಪ್ಪನ ಹಟ ಇಳಿದೀತು ಎಂಬ ಆಸೆ. ಎಂಥ ಆಸೆ!

ಹಟ ಇಷ್ಟೇ. ಅಕ್ಕ ಬೊಳ್ಳಮ್ಮನ ಗಂಡ ಉತ್ತಯ್ಯ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯಲು ಹತ್ತಿ, ಬಿದ್ದು ತೀರಿಕೊಂಡಿದ್ದ. ವರ್ಷ ಕಳೆದಿತ್ತು. ಇನ್ನು ಅವಳು ಮೈದುನ ಪೊನ್ನಪ್ಪನಿಂದ ಸೀರೆ ತೆಗೆದುಕೊಂಡು ಅವನ ಹೆಂಡತಿಯಾಗಿ ಇರಬೇಕು. ಒಲ್ಲೆ ಎಂದರೆ ತವರಿಗೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೆ ಮಗ ಪುಟ್ಟ ಈ ಮನೆಯ ಕುಡಿ, ಅವನು ಇಲ್ಲೇ. ಪುಟ್ಟನಿಗೆ ಇನ್ನೂ ಮೊಲೆ ಬಿಡಿಸಿರಲಿಲ್ಲ. ಬೊಳ್ಳಮ್ಮ ಮದುವೆಯಾಗಿ ಬಂದಾಗ ಪೊನ್ನಪ್ಪ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಅವನ ಮೂಗು ಒರೆಸಿ ಶಾಲೆಗೆ ಕಳಿಸಿದವಳು ಅವಳು.

“ಅವ ನಂಗೆ ಮಗನಂಗೆ, ಯಮುನ. ಅವನೊಟ್ಟಿಗೆ ಹೆಂಗೆ ಮಲಗುದು?” ಎಂದು ಅಕ್ಕ ಕೇಳಿದ್ದಳು. ಯಮುನಳ ಮಾನವಶಾಸ್ತ್ರದ ಎಂ.ಎ. ಪಾಠದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಪಾಠದಲ್ಲಿ ಇದ್ದದ್ದೇ ಬೇರೆ. ವಿಧವೆಯನ್ನು ಮೈದುನನಿಗೆ ಕಟ್ಟುವ ಪದ್ಧತಿಗೆ ಇಂಗ್ಲಿಷಿನಲ್ಲಿ ಒಂದು ಚಂದದ ಹೆಸರಿತ್ತು. ಅದರಿಂದ ವಿಧವೆಗೆ ಭದ್ರತೆ, ಕುಲಕ್ಕೆ ಮುಂದುವರಿಕೆ, ಆಸ್ತಿಗೆ ಒಗ್ಗಟ್ಟು ಎಂದು ಪ್ರೊಫೆಸರರು ಬರೆಸಿದ್ದರು. ಹಾಸಿಗೆ ಯಾರದು, ಮೈ ಯಾರದು ಎಂದು ಬರೆಸಿರಲಿಲ್ಲ. ಗಂಡು ಹೆಣ್ಣಿನ ಕೂಟದ ಅಧ್ಯಾಯ ಬಂದ ದಿನವಂತೂ ಯಮುನಳೂ ಸೇರಿ ತರಗತಿಯಲ್ಲಿದ್ದ ಇಬ್ಬರು ಹುಡುಗಿಯರನ್ನು “ನೀವು ಇದನ್ನು ಲೈಬ್ರರಿಯಲ್ಲಿ ಓದಿಕೊಳ್ಳಿ” ಎಂದು ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ಹುಡುಗರಿಗೆ ಪಾಠ ಮಾಡಿದ್ದರು. ಹೆಂಗಸಿನ ವಿಷಯ, ಹೆಂಗಸರೇ ಹೊರಗೆ! ಆ ಹೊತ್ತಿಗೇ ಇವರ ಯೋಗ್ಯತೆ ತಿಳಿಯಬೇಕಿತ್ತು. ಯಮುನಳಿಗೆ ತಿಳಿಯಲಿಲ್ಲ.

ಮಡಿಕೇರಿಯ ಬಸ್ಸಿಳಿದು ಬಂದ ಪ್ರೊಫೆಸರರಿಗೆ ದೇರಪ್ಪ ಕಾಫಿ ಒಣಗಿಸುವ ಕಣದಲ್ಲೇ ಕುರ್ಚಿ ಹಾಕಿಸಿದ. ಕೊರಳಿಗೆ ನೇತುಹಾಕಿದ್ದ ಕ್ಯಾಮೆರಾ ನೋಡಿ ನೆರೆಕರೆಯವರೆಲ್ಲ ಸೇರಿದರು. ಮುದುಕಿ ಸುಮಿತ್ರಮ್ಮ ಕೂಡ ಕೋಲೂರಿಕೊಂಡು ಬಂದು ಮುಂದೆಯೇ ಕೂತಳು. ಊರಿನ ಪಂಚಾಯಿತಿಯಲ್ಲಿ ಗಂಡಸರೂ ಅವಳ ಮಾತು ತೆಗೆದುಹಾಕುತ್ತಿರಲಿಲ್ಲ.

“ಮನೆಯ ಹೆಣ್ಣುಮಕ್ಕಳಿಗೆ ಜಮೀನು ಕೊಡುವ ರೂಢಿ ಇದೆಯೇ?” ಪ್ರೊಫೆಸರರು ಕೇಳಿದರು.

“ಹಿಂದೆ ಇತ್ತ್ ಸ್ವಾಮಿ,” ದೇರಪ್ಪ ಎದೆ ಉಬ್ಬಿಸಿದ. “ಕಾಗದ ಪತ್ರ ಎಂತಕೆ? ಗದ್ದೆದ್ ಒಂದ್ ಹೆಂಟೆ ಮಣ್ಣ್ ಕೈಲಿ ಇಟ್ಟ್, ಮೇಲೆ ನೀರ್ ಬುಟ್ಟರೆ ಮುಗ್ತ್. ಹತ್ತ್ ಜನ ನೋಡಿರೆ ಸಾಕ್. ನಮ್ಮ ಮನೆಲಿ ಕೊಟ್ಟ ಮಾತಿಗೆ ಎರಡಿಲ್ಲೆ.”

“ಒಂದು ಸಲ ಮಾಡಿ ತೋರಿಸುತ್ತೀರಾ? ಫೋಟೋಗೆ?”

ದೇರಪ್ಪನಿಗೆ ಫೋಟೋ ಎಂದರೆ ಸಾಕಿತ್ತು. ಕೆಳಗಿನ ಗದ್ದೆಯಿಂದ ಹೆಂಟೆ ತರಿಸಿದ. ಕಾಫಿ ಲೋಟ ಹಿಡಿದು ಬಂದ ಬೊಳ್ಳಮ್ಮನನ್ನೇ ನಿಲ್ಲಿಸಿ, ಅವಳ ಅಂಗೈಯಲ್ಲಿ ಮಣ್ಣಿಟ್ಟು, ಚೊಂಬಿನಿಂದ ನೀರು ಬಿಟ್ಟು, “ಕೆಳಗಣ ಗದ್ದೆ ನಿಂಗೆ ಕೊಟ್ಟೆ” ಎಂದು ನಾಟಕದ ರಾಜನ ಗತ್ತಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ಬೊಳ್ಳಮ್ಮ ಮಣ್ಣನ್ನು ಎಲ್ಲಿ ಹಾಕುವುದೆಂದು ತಿಳಿಯದೆ ತುಳಸಿಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು.

ಊಟವಾದ ಮೇಲೆ ಪ್ರೊಫೆಸರರು ವಿಧವೆಯ ಮದುವೆಯ ಮಾತೆತ್ತಿದರು. ಅದಕ್ಕೇ ಕಾದಿದ್ದವಳು ಯಮುನ. ಈಗ ಕೇಳುತ್ತಾರೆ, ಹೆಣ್ಣಿನ ಮನಸ್ಸೇನು ಎಂದು ಕೇಳುತ್ತಾರೆ ಎಂದುಕೊಂಡಳು. ಅವರು ಕೇಳಿದ್ದು ಸೀರೆ ಯಾವ ಬಣ್ಣದ್ದು, ಮೊರದಲ್ಲಿಟ್ಟು ಕೊಡುತ್ತಾರೋ ಕೈಯಲ್ಲಿ ಕೊಡುತ್ತಾರೋ ಎಂದು.

“ಅದ್‌ನೂ ತೋರ್ಸುವೊ ಸ್ವಾಮಿ,” ಎಂದ ದೇರಪ್ಪ, ಯಮುನಳ ಕಡೆ ತಿರುಗಿ, “ಹೋಗಿ ಅಕ್ಕಂಗೆ ಹೇಳ್. ಬರೀ ಫೋಟೋಗೆ.”

ಅಡುಗೆಮನೆಯಲ್ಲಿ ಬೊಳ್ಳಮ್ಮ ತಲೆ ಅಲ್ಲಾಡಿಸಿದಳು. “ಬೇಡ ಯಮುನ. ನಂಗೆ ಹೆದರಿಕೆ.”

“ಬೆಳಗ್ಗೆ ಮಣ್ಣ್ ಹಿಡ್ದಂಗೆ ಅಕ್ಕಾ, ಅಷ್ಟೇ. ಅವರ ಮನಸ್ಸಿಗೆ ಖುಷಿ ಆದರೆ ನಿನ್ನ ಪರ ಒಂದ್ ಮಾತ್ ಹೇಳ್ಯಾರ್.”

ತಂಗಿಯ ಮಾತು ನಂಬಿ ಬೊಳ್ಳಮ್ಮ ಕಣಕ್ಕೆ ಬಂದಳು. ಮೊರದಲ್ಲಿ ಕೆಂಪು ಸೀರೆ, ಎಲೆ ಅಡಿಕೆ. ಮೊರ ಹಿಡಿದ ಪೊನ್ನಪ್ಪ ನೆಲ ನೋಡುತ್ತಿದ್ದ. ಬೊಳ್ಳಮ್ಮ ಸೀರೆ ಎತ್ತಿದಳು. ಕ್ಯಾಮೆರಾ ಕ್ಲಿಕ್ ಎಂದಿತು.

ದೇರಪ್ಪ ಎದ್ದು ನಿಂತು ಸೇರಿದವರಿಗೆಲ್ಲ ಕೈಮುಗಿದ. “ಎಲ್ಲವೂ ನೋಡ್ದರಿ ಅಲ್ಲಾ? ಸೀರೆ ತಕೊಂಡಳ್. ಇನ್ನ್ ಮಾತಿಲ್ಲೆ. ಇಂದಿಂದ ಅವ ಇವಳ ಗಂಡ.”

“ಮಾವಾ! ಇದ್ ಫೋಟೋಗೆ ಮಾಡ್ದದ್!” ಯಮುನ ಕಿರುಚಿದಳು.

“ಫೋಟೋಗೆ ಒಂದ್ ಸೀರೆ, ದೇವರಿಗೆ ಒಂದ್ ಸೀರೆ ಅಂತ ಉಂಟಾ? ಹತ್ತ್ ಜನರ ಎದ್ರಿಗೆ ಎತ್ತ್ಯಳ್, ಮುಗ್ತ್.”

ಯಮುನ ಪ್ರೊಫೆಸರರ ಕಡೆ ನೋಡಿದಳು. ಅವರ ಮುಖ ಹಬ್ಬದೂಟ ಕಂಡ ಹಾಗೆ ಅರಳಿತ್ತು. “ಅದ್ಭುತ, ಯಮುನಾ! ಅಣಕು ಹೋಗಿ ಆಚಾರವೇ ಆಗಿಬಿಟ್ಟಿತು! ಇಂಥದ್ದು ನೋಡಲು ಸಿಗುವುದು ಅಪರೂಪ.”

“ಸಾರ್, ನಿಮ್ಮ ಫೋಟೋಗೆ ಮಾಡಿದ್ದೆಂದು ಹೇಳಿ. ಒಂದು ಮಾತು ಹೇಳಿ ಸಾಕು.”

“ಛೆ, ನಾವು ಮಧ್ಯೆ ಬರಬಾರದಮ್ಮ. ನಾವು ನೋಡುವವರು ಮಾತ್ರ.”

ನಡೆದದ್ದು ಅರ್ಥವಾಗಲಿಲ್ಲ ಎನ್ನಲು ಇವರೇನು ಹೊರದೇಶದವರೆ? ಸೀರೆ ಎತ್ತಿಸುವಾಗ ಮಧ್ಯೆ ಬಂದವರು ಯಾರು? ಯಮುನಳಿಗೆ ದೇರಪ್ಪನ ಮೇಲೆ ಸಿಟ್ಟು, ಈ ಮನುಷ್ಯನ ಮೇಲೆ ಅದರ ಎರಡರಷ್ಟು ಸಿಟ್ಟು, ಅಕ್ಕನನ್ನು ಕೈಹಿಡಿದು ಕರೆತಂದ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು. ಬೊಳ್ಳಮ್ಮ ಸೀರೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಪುಟ್ಟ ಅವಳ ಕಾಲು ತಬ್ಬಿಕೊಂಡಿದ್ದ. ಅವರ ಹಿಂದೆ ತುಳಸಿಕಟ್ಟೆ, ಕಟ್ಟೆಯ ಮೇಲೆ ಬೆಳಗಿನ ಹೆಂಟೆ.

ಯಮುನ ಅದನ್ನು ನೋಡಿದಳು.

“ಸರಿ ಸಾರ್, ಮಧ್ಯೆ ಬರಲೇಬೇಡಿ. ಬೆಳಿಗ್ಗೆ ನೀರು ಬಿಟ್ಟು ಮಣ್ಣು ಕೊಟ್ಟದ್ದರ ಫೋಟೋ ತೆಗೆದಿರೋ ಇಲ್ಲವೋ, ಅಷ್ಟು ಮಾತ್ರ ಹೇಳಿ.”

“ತೆಗೆದಿದ್ದೇನಲ್ಲ.”

“ಕೇಳ್ದರಾ ಮಾವ? ಹತ್ತ್ ಜನ ನೋಡಿರೆ ಸಾಕ್ ಅಂತ ಹೇಳ್ದದ್ ನೀವೇ. ಕೆಳಗಣ ಗದ್ದೆ ಅಕ್ಕಂದ್.”

ದೇರಪ್ಪನ ಮುಖದ ಬಣ್ಣ ಹೋಯಿತು. “ಅದ್… ಅದ್ ಆಟಕ್ಕೆ.”

“ಫೋಟೋಗೆ ಒಂದ್ ಮಣ್ಣ್, ದೇವರಿಗೆ ಒಂದ್ ಮಣ್ಣ್ ಅಂತ ಉಂಟಾ?”

ಯಾರೋ ಕಿಸಕ್ಕೆಂದರು. ಸುಮಿತ್ರಮ್ಮ ಕೋಲಿನಿಂದ ಕಣ ಕುಟ್ಟಿ, ಅದೇ ಕೋಲನ್ನು ಯಮುನಳತ್ತ ತೋರಿಸಿದಳು. “ಗೂಡೆ ಸರಿ ಹೇಳ್ತುಟ್ಟು ದೇರಪ್ಪ. ಎರಡೂ ಆಟ, ಇಲ್ಲರೆ ಎರಡೂ ನಿಜ. ನಾಳೆ ಪಂಚಾಯಿತಿಲಿ ಕೇಳಿರೆ ಎರಡ್‌ನೂ ನೋಡ್ದೆ ಅಂತಲೇ ನಾ ಹೇಳುದು.”

ದೇರಪ್ಪ ಬಾಯಿ ತೆರೆಯುವ ಮೊದಲೇ ಬೊಳ್ಳಮ್ಮ ಸೀರೆಯನ್ನು ಮೊರಕ್ಕೆ ಎಸೆದಳು. ಹೋಗಿ ಹೆಂಟೆಯನ್ನು ಎತ್ತಿಕೊಂಡಳು. ಮದುವೆಯಾದಾಗಿನಿಂದ ಆ ಕಣದಲ್ಲಿ ತಗ್ಗಿಸಿಕೊಂಡೇ ನಡೆದ ತಲೆ ಈಗ ನೆಟ್ಟಗಿತ್ತು.

“ನಂಗೆ ನಿಮ್ಮ ಸೀರೆ ಬೇಡ ಮಾವ. ಗದ್ದೆನೂ ಬೇಡ. ಪುಟ್ಟ ನನ್ನೊಟ್ಟಿಗೆ ಬರ್ಲಿ ಅಂತ ಇವರೆಲ್ಲರ ಎದ್ರಿಗೆ ಹೇಳಿ. ಮಣ್ಣ್‌ನ ಗದ್ದೆಗೆ ವಾಪಸ್ ಹಾಕ್ನೆ. ಇಲ್ಲರೆ ಇದ್ ನನ್ನ ಕೈಲೇ ಇರುದು.”

ದೇರಪ್ಪ ಪುಟ್ಟನನ್ನು ನೋಡಿದ. ಕ್ಯಾಮೆರಾ ನೋಡಿದ. ಕೆಳಗೆ ಕೊಯ್ಲಾಗಿ ಮಲಗಿದ್ದ ಗದ್ದೆಯನ್ನು ತುಂಬ ಹೊತ್ತು ನೋಡಿದ. ಕುಲದ ಕುಡಿ, ಕುಲದ ಕುಡಿ ಎಂದು ವರ್ಷವಿಡೀ ಎದೆ ಬಡಿದುಕೊಂಡ ಮನುಷ್ಯ ಕೊನೆಗೆ ಆರಿಸಿಕೊಂಡದ್ದು ಗದ್ದೆಯನ್ನು.

“ತಕೊಂಡ್ ಹೋಗ್,” ಎಂದ.

ಬೊಳ್ಳಮ್ಮ ಹೆಂಟೆಯನ್ನು ಗದ್ದೆಗೆ ಬೀಸಿ ಎಸೆದಳು. ಅವಳ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತು ತಂದವನು ಪೊನ್ನಪ್ಪ. “ಅತ್ತಿಗೆ, ಹುಷಾರ್,” ಎಂದಷ್ಟೇ ಹೇಳಿ ಹೋದ. ಅವನನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ.

ಬಸ್ಸಿನಲ್ಲಿ ಪ್ರೊಫೆಸರರು ಮುಂದಿನ ಸೀಟಿನಿಂದ ತಿರುಗಿ ಕೂತರು. “ನೋಡಿದೆಯಾ, ನಾನು ಮಧ್ಯೆ ಬರಲಿಲ್ಲ, ತಾನಾಗಿಯೇ ಬಗೆಹರಿಯಿತು. ಸಮಾಜಕ್ಕೆ ಅದರದೇ ಸಮತೋಲ ಇರುತ್ತದೆ.”

ಯಮುನಳ ಪಕ್ಕದಲ್ಲಿ ಪುಟ್ಟ ಅಳತೊಡಗಿದ. ಬೊಳ್ಳಮ್ಮ ಸೆರಗು ಸರಿಸಿ ಅವನನ್ನು ಎದೆಗೆ ಹಚ್ಚಿಕೊಂಡಳು. ಪ್ರೊಫೆಸರರ ಕೈ ಕ್ಯಾಮೆರಾಕ್ಕೆ ಹೋಯಿತು. “ತಾಯಿ ಮಗು… ಅಧ್ಯಾಯದ ಕೊನೆಗೆ ಒಂದು ಫೋಟೋ…”

ಯಮುನ ಅಂಗೈಯಿಂದ ಲೆನ್ಸು ಮುಚ್ಚಿದಳು.

“ಬೇಡ ಸಾರ್. ನೀವು ಇದನ್ನು ಲೈಬ್ರರಿಯಲ್ಲಿ ಓದಿಕೊಳ್ಳಿ.”